ಕುಂಬಳಕಾಯಿ ಒಳಗೊಂದು ಹೆಂಚಿನ ಮನೆ

ದಸರಾ ಬೊಂಬೆಗಳನ್ನೆಲ್ಲ ಹಳೇ ಕಾಟನ್ ಸೀರೆ ತುಂಡಲ್ಲಿ ಸುತ್ತಿ ಡಬ್ಬಕ್ಕೆ ಹಾಕ್ತಾ ಇದ್ದೆ, ನನ್ ಮಗಳು ಪಾರ್ಕಿನ ಕನ್ನಡಿ ಕೈಲಿ ಹಿಡ್ಕೊಂಡು ನಿಂತಿದ್ಲು, ಕೊಡ್ಲೇ ಇಲ್ಲ. ಗೊಂಬೆ ಹಬ್ಬಕ್ಕೆ ಪಾರ್ಕ್ ಮಾಡಿದವರಿಗೆ ಗೊತ್ತಿರುತ್ತೆ, ಟ್ರೇಲಿ ಮಣ್ಣು ಹಾಕಿ ರಾಗಿ ಪೈರು ಬೆಳೆಸಿ ಮಧ್ಯ ಒಂದು ಕನ್ನಡಿ ಇಟ್ಬಿಟ್ರೆ ಅದೇ ಕೆರೆ, ಸುತ್ತ ಮರಳಿನ ರಸ್ತೆ, ಮೇಲೆ ಪ್ಲಾಸ್ಟಿಕ್ ಹಸು. "ಅಮ್ಮಾ ಇದನ್ನ ಒಳಗಿಡ್ಬೇಡ, ಹ್ಯಾಲೋವೀನ್‌ಗೆ ಬೇಕು" ಅಂದ್ಲು. ಇದು 2024ರ ಮಾತು, ವಿಜಯದಶಮಿ ಅಕ್ಟೋಬರ್ 12ಕ್ಕೆ ಮುಗಿದಿತ್ತು, 31ಕ್ಕೆ ಹ್ಯಾಲೋವೀನ್, ಅಂದ್ರೆ ಅಮೆರಿಕದಲ್ಲಿ ಕುಂಬಳಕಾಯಿ ಕೆತ್ತಿ ದೀಪ ಇಟ್ಟು, ಮಕ್ಕಳು ವೇಷ ಹಾಕ್ಕೊಂಡು ಮನೆ ಮನೆಗೆ ಚಾಕಲೇಟಿಗೆ ಬರೋ ದೆವ್ವದ ಹಬ್ಬ, ಆ ವರ್ಷ ನರಕ ಚತುರ್ದಶಿನೂ ಅದೇ 31ಕ್ಕೇ ಬಂದಿತ್ತು. ಹತ್ತೊಂಬತ್ತು ದಿನ ಇತ್ತು ಕೈಲಿ.

ನಾವಿರೋದು ಚಿಕಾಗೋ ಹತ್ರ. ಅಮೆರಿಕದಲ್ಲಿ ಅತಿ ಹೆಚ್ಚು ಕುಂಬಳಕಾಯಿ ಬೆಳೆಯೋದು ನಮ್ಮ ಇಲಿನಾಯ್ ರಾಜ್ಯದಲ್ಲೇ, ಅಕ್ಟೋಬರ್ ಬಂತು ಅಂದ್ರೆ ಎಲ್ಲ ಅಂಗಡಿ ಮುಂದೆನೂ ರಾಶಿ ರಾಶಿ. ಅದಕ್ಕೂ ಹಿಂದಿನ ಎರಡು ವರ್ಷ ನಿಜವಾದ ಕಾಯೇ ತಂದು ಕೆತ್ತಿದ್ವಿ. ಮೂರನೇ ದಿನಕ್ಕೆ ಅಳಿಲು ಬಂದು ಕಣ್ಣು ಬಾಯಿ ಎಲ್ಲ ಕಡಿದು ಒಂದು ಮಾಡಿತ್ತು, ವಾರದೊಳಗೆ ಒಳಗೆಲ್ಲ ಬೂಷ್ಟು, ಮೆಟ್ಟಿಲ ಮೇಲೆ ನೀರು ಸೋರಿ ವಾಸನೆ. ಪಲ್ಯನೋ ಹುಳಿನೋ ಆಗ್ಬೇಕಾದ ತರಕಾರಿನ ಹಾಗೆ ಕೊಳೆಸಿ ಎಸೆಯೋಕೆ ನಂಗೆ ಮನಸ್ಸೇ ಬರಲ್ಲ. ಅದಕ್ಕೇ ಈ ಸಲ ಕ್ರಾಫ್ಟ್ ಅಂಗಡಿಯಿಂದ ಫೋಮ್ ಕುಂಬಳಕಾಯಿ ತಂದ್ವಿ, ಒಳಗೆ ಟೊಳ್ಳು, ಸುಮಾರು 13 ಇಂಚು ಅಗಲ, ಗೋಡೆ ಅರ್ಧ ಇಂಚು ದಪ್ಪ. ತಗೊಳ್ಳೋವಾಗ ಒಂದು ನೋಡ್ಕೊಳ್ಳಿ, ಬರೀ ಶೋಗೆ ಇಡೋ ತೆಳು ಪ್ಲಾಸ್ಟಿಕ್ ಕಾಯಿಗಳೂ ಪಕ್ಕದಲ್ಲೇ ಇರ್ತವೆ, ಅವು ಚಾಕು ಇಟ್ರೆ ಸೀಳಿಹೋಗ್ತವೆ, ಕೆತ್ತೋಕಾಗುತ್ತೆ ಅಂತ ಬರೆದಿರೋದನ್ನೇ ತರಬೇಕು.

ಮುಖ ಕೆತ್ತೋದು ಬೇಡ, ಒಂದು ದೊಡ್ಡ ಕಿಟಕಿ ತೆಗೆದು ಒಳಗೆ ದೆವ್ವದ ಸೀನ್ ಮಾಡೋಣ ಅನ್ನೋದು ಮಗಳ ಐಡಿಯಾ. ಪೆನ್ಸಿಲ್ಲಲ್ಲಿ ಮೊಟ್ಟೆ ಆಕಾರ ಬರ್ಕೊಂಡು, ಕೆಳಗೆ ಎರಡೂವರೆ ಇಂಚು ಗೋಡೆ ಹಾಗೇ ಬಿಟ್ವಿ, ಅದು ಬಿಡದೇ ಇದ್ರೆ ಒಳಗೆ ನೆಲ ನಿಲ್ಲಲ್ಲ, ಎಲ್ಲ ಮುಂದಕ್ಕೆ ಜಾರುತ್ತೆ. ಸಣ್ಣ ಗರಗಸದಲ್ಲಿ ನಾನೇ ಕುಯ್ದೆ, ಹೊರಗೆ ಗ್ಯಾರೇಜ್ ಮುಂದೆ, ಮಾಸ್ಕ್ ಹಾಕ್ಕೊಂಡು. ಈ ಫೋಮ್ ಪುಡಿ ಹಿಟ್ಟಿನ ಹಾಗೆ ಹಾರುತ್ತೆ, ಮೂಗಿಗೆ ಹೋಗ್ಬಾರದು, ಮಕ್ಕಳನ್ನ ದೂರ ಇಡಿ. ಕುಯ್ಯೋವಾಗ ಅಜ್ಜಿ ನೆನಪಾದ್ರು. ಇಡೀ ಕುಂಬಳಕಾಯಿನ ಮೊದಲು ಹೆಂಗಸರು ಒಡೀಬಾರದು ಅಂತಿದ್ರು ಅವರು, ಅಡುಗೆಗೆ ಬೇಕಾದ್ರೂ ತಾತನ್ನ ಕರೆದು ಒಂದೇಟು ಹಾಕಿಸಿ ಆಮೇಲೆ ಈಳಿಗೆಮಣೆ ಹತ್ರ ತಗೊಂಡು ಹೋಗೋರು.

ಒಳಗಿನ ಬಣ್ಣದ ಬಗ್ಗೆ ಒಂದು ಮಾತು, ಯಾಕಂದ್ರೆ ಇಲ್ಲೇ ನಂಗೆ ಎರಡು ದಿನ ಹೋಯ್ತು. ರಾತ್ರಿ ಅಂದ್ರೆ ಕಪ್ಪು ಅಂತ ಪೂರ್ತಿ ಕಪ್ಪು ಬಳಿದ್ವಿ, ನೋಡಿದ್ರೆ ಬಾಣಲೆ ಒಳಗೆ ಇಣುಕಿದ ಹಾಗಿತ್ತು, ಆಳವೇ ಇಲ್ಲ. ಮತ್ತೆ ಬಳಿದಾಗ ಮೇಲೆ ಕಡುನೀಲಿ, ಕೆಳಗೆ ಬರ್ತಾ ಬರ್ತಾ ನೇರಳೆ, ನೆಲ ಮುಟ್ಟೋ ಕಡೆ ಬೂದು ಹಸಿರು, ಸ್ಪಂಜಲ್ಲಿ ತಟ್ಟಿ ತಟ್ಟಿ ಒಂದಕ್ಕೊಂದು ಸೇರಿಸಿದ್ವಿ, ಆಗ ನೋಡಿ ಕುಂಬಳಕಾಯಿ ಹಿಂಗೋಡೆನೇ ಮಾಯವಾಗಿ ಅಲ್ಲಿ ದೂರದ ಆಕಾಶ ಬಂತು. ಆಮೇಲೆ ಥರ್ಮಕೋಲ್ ಗೋರಿಕಲ್ಲುಗಳಿಗೆ ಅವಸರದಲ್ಲಿ ಸ್ಪ್ರೇ ಪೇಂಟ್ ಹೊಡೆದೆ, ಕಣ್ಣೆದುರಿಗೇ ಕರಗಿ ಚಪ್ಪಟೆ ಆಗೋದ್ವು. ಆ ಸ್ಪ್ರೇಲಿರೋ ಸಾಲ್ವೆಂಟ್ ಥರ್ಮಕೋಲನ್ನ ತಿಂದುಹಾಕುತ್ತೆ, ಅದಕ್ಕೆ ಅಕ್ರಿಲಿಕ್ ಬಣ್ಣನೇ ಬ್ರಷ್‌ನಲ್ಲಿ ಹಚ್ಬೇಕು.

ನೆಲಕ್ಕೆ ಪೇಪರ್ ಟವಲ್ಲು ಅಂಟು ಹಚ್ಚಿ, ಮೇಲೆ ಫಿಲ್ಟರ್‌ನಲ್ಲಿ ಉಳಿದ ಕಾಫಿ ಚರಟ. ಒದ್ದೆ ಮಣ್ಣಿನ ಬಣ್ಣ ಅದಕ್ಕಿರುವಷ್ಟು ಅಂಗಡಿ ಪುಡಿಗೆ ಇಲ್ಲ, ಆದ್ರೆ ಓವನ್‌ನಲ್ಲಿ ಕಮ್ಮಿ ಬಿಸೀಲಿ ಚೆನ್ನಾಗಿ ಒಣಗಿಸಬೇಕು, ಇಲ್ಲಾಂದ್ರೆ ಅದಕ್ಕೂ ಬೂಷ್ಟು.

ಸರಿ, ಮೊದಲನೇ ವಾರ ಮುಗಿಯೋಷ್ಟರಲ್ಲಿ ಒಳಗೆ ಏನೇನಿತ್ತು ಅಂದ್ರೆ, ಕಿಟ್‌ನಲ್ಲಿ ಬಂದ ಗೋಪುರದ ಮನೆ, ಮೂರು ಅಸ್ಥಿಪಂಜರ, ಐದು ಬಾವಲಿ, ಪೊರಕೆ ಮೇಲೆ ಕೂತ ಮಾಟಗಾತಿ, ಗೋರಿಗಳು, ಜೇಡನ ಬಲೆ, ಒಂದು ಬೆಕ್ಕು. ಲೈಟ್ ಹಾಕಿದ್ವಿ. ಮಗಳು ಸ್ವಲ್ಪ ಹೊತ್ತು ನೋಡಿ "ಕ್ಯೂಟಾಗಿದೆ" ಅಂದ್ಲು. ನಂಗೂ ಹಾಗೇ ಅನ್ನಿಸ್ತು, ಒಂಚೂರೂ ಹೆದರಿಕೆ ಆಗ್ತಿರಲಿಲ್ಲ.

ಅವತ್ತು ರಾತ್ರಿ ನೆನಪಾಗಿದ್ದು ಫ್ರಾನ್ಸೆಸ್ ಗ್ಲೆಸ್ನರ್ ಲೀ. 1878ರಲ್ಲಿ ಇದೇ ಚಿಕಾಗೋದಲ್ಲಿ ಹುಟ್ಟಿದವರು, ಪ್ರೈರಿ ಅವೆನ್ಯೂನಲ್ಲಿ ಅವರಪ್ಪ ಕಟ್ಟಿಸಿದ ಕಲ್ಲಿನ ಮನೆ ಈಗ ಮ್ಯೂಸಿಯಂ. 1940ರ ದಶಕದಲ್ಲಿ ಪೊಲೀಸರಿಗೆ ತನಿಖೆ ಕಲಿಸೋಕೆ ಅಂತ ಪುಟ್ಟ ಪುಟ್ಟ ಸಾವಿನ ಮನೆಗಳನ್ನ ಮಾಡಿದ್ರು ಆಕೆ, ಒಂದು ಅಡಿಗೆ ಒಂದು ಇಂಚಿನ ಲೆಕ್ಕ, ಗುಂಡುಸೂಜಿಯಷ್ಟು ಸಣ್ಣ ಕಡ್ಡಿಗಳಲ್ಲಿ ಬೊಂಬೆಗೆ ಸಾಕ್ಸ್ ಹೆಣೆದಿದ್ದಾರೆ. ಅವುಗಳಲ್ಲಿ 18 ಇವತ್ತಿಗೂ ಬಾಲ್ಟಿಮೋರ್‌ನಲ್ಲಿ, ಸಾವಿನ ಕಾರಣ ಪತ್ತೆ ಮಾಡೋ ಮೆಡಿಕಲ್ ಎಕ್ಸಾಮಿನರ್ ಆಫೀಸಲ್ಲಿವೆ. ಅಲ್ಲಿನ ಒಂದು ಅಡುಗೆಮನೆ ಫೋಟೋ ನೋಡಿದ್ದೆ, ಸಿಂಕ್ ಹತ್ರ ಅರ್ಧ ಸಿಪ್ಪೆ ತೆಗೆದ ಆಲೂಗಡ್ಡೆ. ನಂಗೆ ಮೈ ಜುಂ ಅಂದಿದ್ದು ಆ ಆಲೂಗಡ್ಡೆ ನೋಡಿ. ಯಾರೋ ಈಗ ಇಲ್ಲೇ ಇದ್ರು, ಕೆಲಸ ಮಧ್ಯದಲ್ಲಿ ಬಿಟ್ಟು ಎದ್ದಿದಾರೆ, ಯಾಕೆ ಎದ್ರು?

ಹಾಗಾದ್ರೆ ನಂಗೆ ನಿಜವಾಗಿ ಭಯ ಆಗಿದ್ದು ಯಾವಾಗ ಅಂತ ಯೋಚಿಸಿದೆ. 90ರ ದಶಕ, ಬೆಂಗಳೂರಿನ ಬಾಡಿಗೆ ಮನೆ, ಬೀದಿಲಿರೋ ಬಾಗಿಲುಗಳ ಮೇಲೆಲ್ಲ "ನಾಳೆ ಬಾ". ರಾತ್ರಿ ಒಂದು ದೆವ್ವ ಬಂದು ಬಾಗಿಲು ತಟ್ಟುತ್ತೆ, ಮನೆಯವರದ್ದೇ ಧ್ವನಿಲಿ ಹೆಸರು ಹಿಡಿದು ಕರೆಯುತ್ತೆ, ತೆಗೆದ್ರೆ ಮುಗೀತು, ಬಾಗಿಲ ಮೇಲೆ ನಾಳೆ ಬಾ ಅಂತ ಬರೆದಿದ್ರೆ ಓದಿ ವಾಪಸ್ ಹೋಗಿ ಮರುದಿನ ಮತ್ತೆ ಬರುತ್ತೆ. ನಮ್ಮನೆ ಬಾಗಿಲ ಮೇಲೆ ಅಮ್ಮನೇ ಸೀಮೆಸುಣ್ಣದಲ್ಲಿ ಬರೆದಿದ್ರು, ಅಪ್ಪ ನೈಟ್ ಶಿಫ್ಟಿಂದ ಬಂದು ಬಾಗಿಲು ತಟ್ಟಿ ಕರೆದ್ರೂ ನಾನು ಹೊದಿಕೆ ಒಳಗೆ ಗಟ್ಟಿಯಾಗಿ ಕಣ್ಣು ಮುಚ್ಕೊಂಡಿರ್ತಿದ್ದೆ. ಅಮ್ಮಂಗೆ ವಿಡಿಯೋ ಕಾಲ್ ಮಾಡಿ ಕೇಳಿದೆ ನೆನಪಿದೆಯಾ ಅಂತ. "ಅಯ್ಯೋ ಇಲ್ದೇ ಏನೇ, ಮಳೆಗೆ ಅಳಿಸಿಹೋಗುತ್ತೆ ಅಂತ ನೀನೇ ದಿನಾ ಸ್ಕೂಲಿಂದ ಬಂದು ತಿದ್ದೋಳು. ಅಲ್ವೇ, ದೀಪಾವಳಿ ಹತ್ರ ಬಂತು, ಹಬ್ಬದ ಹೊತ್ತಲ್ಲಿ ಮನೆ ಮುಂದೆ ದೆವ್ವ ಯಾಕೆ ಇಡ್ತೀಯೇ" ಅಂದ್ರು. ಹೋದವರು ಒಂದು ರಾತ್ರಿ ವಾಪಸ್ ಬರ್ತಾರೆ ಅಂತ ಐರಿಷ್ ಜನ ನಂಬ್ತಿದ್ರಮ್ಮ, ಅದರಿಂದ ಬಂದಿದ್ದು ಈ ಹಬ್ಬ, ಮಾರನೇ ದಿನ ನವೆಂಬರ್ 1 ಸಂತರ ದಿನ, 2ನೇ ತಾರೀಖು ಸತ್ತವರ ದಿನ ಅಂದಾಗ "ನಮ್ ಪಿತೃಪಕ್ಷದ ಹಾಗೆ ಅನ್ನು" ಅಂತ ಸುಮ್ಮನಾದ್ರು.

ಮಾರನೇ ದಿನ ಎಲ್ಲ ತೆಗೆದ್ವಿ. ಅಸ್ಥಿಪಂಜರ, ಮಾಟಗಾತಿ, ಗೋಪುರದ ಮನೆ, ಎಲ್ಲ. ಬಾವಲಿ ಒಂದನ್ನಾದ್ರೂ ಬಿಡು ಅಂತ ಮಗಳು ಹಟ ಮಾಡಿದ್ಲು, ಒಂದು ಉಳಿಸಿದ್ವಿ.

ಹೊಸದಾಗಿ ಮಾಡಿದ್ದು ತಿಪಟೂರು ಹತ್ರ ಇದ್ದ ಅಜ್ಜಿ ಮನೆ. ಎರಡು ಕಂಬ, ಮುಂದೆ ಜಗುಲಿ, ಹೆಂಚಿನ ಮಾಡು. ಕೊರಿಯರ್ ಡಬ್ಬದ ರಟ್ಟಿಗೆ ಒದ್ದೆ ಬಟ್ಟೆ ಒತ್ತಿ ಮೇಲಿನ ಪದರ ಸುಲಿದ್ರೆ ಒಳಗೆ ಅಲೆ ಅಲೆ ಇರುತ್ತಲ್ಲ, ಅದನ್ನ ಸಣ್ಣ ಪಟ್ಟಿ ಮಾಡಿ ಒಂದರ ಮೇಲೊಂದು ಅಂಟಿಸಿ ಇಟ್ಟಿಗೆ ಬಣ್ಣ, ಮೇಲೆ ಸ್ವಲ್ಪ ಕಪ್ಪು ಹಚ್ಚಿದ್ರೆ ಮಳೆಗೆ ಪಾಚಿ ಕಟ್ಟಿದ ಹೆಂಚೇ. ಬಾಗಿಲು ಒಂದೂವರೆ ಇಂಚು ಎತ್ತರ. ಅದರ ಮೇಲೆ "ನಾಳೆ ಬಾ" ಬರೆಯೋದಿದೆ ನೋಡಿ, ಬಿಳಿ ಜೆಲ್ ಪೆನ್ನಲ್ಲಿ ಬರೆದ್ರೆ "ಳೆ" ಒಳಗಿನ ಸುಳಿ ತುಂಬಿಹೋಗಿ ಬರೀ ಚುಕ್ಕೆ ಆಗ್ತಿತ್ತು. ಮೂರು ಬಾಗಿಲು ಹಾಳಾದ್ವು. ಕೊನೆಗೆ ಟೂತ್‌ಪಿಕ್ ತುದಿನ ಬ್ಲೇಡಲ್ಲಿ ಇನ್ನೂ ಚೂಪು ಮಾಡಿ, ಬಿಳಿ ಬಣ್ಣಕ್ಕೆ ಒಂದು ಹನಿ ನೀರು ಬೆರೆಸಿ, ಉಸಿರು ಹಿಡಿದು ಬರೆದೆ, ಬಂತು. ಸೀಮೆಸುಣ್ಣದ ಹಾಗೇ ಸ್ವಲ್ಪ ಮಾಸಲು ಮಾಸಲು.

ಜಗುಲಿ ಮೇಲೆ ಒಂದು ಮೊರ, ಅದರಲ್ಲಿ ಅರ್ಧ ಬಿಡಿಸಿದ ಅವರೆಕಾಯಿ. ಮೊದಲು ಸಾಸಿವೆಗೆ ಹಸಿರು ಬಣ್ಣ ಹಾಕಿ ಇಟ್ವಿ, ಆ ಮನೆ ಅಳತೆಗೆ ಅವು ಅವರೆಕಾಯಿ ಅಲ್ಲ ಮೂಸಂಬಿ ಥರ ಕಂಡ್ವು, ಗಸಗಸೆ ಸರಿಹೋಯ್ತು. ಪಕ್ಕದಲ್ಲಿ ಅಕ್ಕಿಕಾಳಿನಷ್ಟು ಉದ್ದದ ಒಂದು ಜೊತೆ ಚಪ್ಪಲಿ. ಜನ ಯಾರೂ ಇಲ್ಲ.

ದೆವ್ವನೂ ಇಲ್ಲ. ಬರೀ ಹೆಜ್ಜೆ. ಅಂಗಳಕ್ಕೆ ಬೂದಿ ಬಣ್ಣದ ನುಣುಪು ಮರಳು ಹಾಕಿ, ಟೂತ್‌ಪಿಕ್ ಹಿಂದಿನ ತುದಿಲಿ ಒಂದೊಂದೇ ಪಾದ ಒತ್ತಿದ್ವಿ, ಬಾಗಿಲಿಂದ ಹುಣಸೆಮರದ ತನಕ. ಹೆಬ್ಬೆರಳು ಎಲ್ಲ ಮರದ ಕಡೆಗಿದೆ, ನೋಡಿದವರು ಯಾರೋ ಮನೆಯಿಂದ ಆಚೆ ಹೋಗಿದಾರೆ ಅಂದ್ಕೋತಾರೆ. ಆದ್ರೆ ನಮ್ ಕಡೆ ದೆವ್ವಕ್ಕೆ ಪಾದ ಹಿಂದುಮುಂದು ಅಲ್ವಾ. ಅಂದ್ರೆ ಆ ದೆವ್ವ ಹೋಗಿಲ್ಲ, ಮರದಿಂದ ಬಾಗಿಲಿಗೆ ಬಂದಿದೆ. ಇದನ್ನ ಮಗಳಿಗೆ ಹೇಳಿದಾಗ ಅವಳ ಕೈ ಹಾಗೇ ನಿಂತೋಯ್ತು, ಬಾಗಿಲು ನೋಡಿದ್ಲು, ಆಮೇಲೆ ನನ್ ಮುಖ ನೋಡಿದ್ಲು, ಕ್ಯೂಟ್ ಅನ್ನಲಿಲ್ಲ.

ಹುಣಸೆಮರ ಮಾಡಿದ್ದು ಹೂ ಕಟ್ಟೋ ತಂತಿ ಹುರಿ ಮಾಡಿ, ಟಿಶ್ಯೂ ಸುತ್ತಿ. ದೊಡ್ಡ ಮರ ಮುಂದೆ ಪಕ್ಕಕ್ಕೆ, ಹಿಂದೆ ಹೋಗ್ತಾ ಸಣ್ಣ ಮರಗಳು, ತೀರಾ ಹಿಂದೆ ಬರೀ ಬಣ್ಣದ ಗೆರೆ, ಹೀಗೆ ಮಾಡಿದ್ರೆ 13 ಇಂಚಲ್ಲೂ ಒಂದು ಮೈಲಿ ದೂರ ಕಾಣುತ್ತೆ. ಕೊನೇಲಿ ಮಗಳ ಕನ್ನಡಿ, ಕೆರೆ, ದಂಡೇಲಿ ಹತ್ತಿನ ಎಳೆ ಎಳೆಯಾಗಿ ಬಿಡಿಸಿ ಮಂಜು.

ಆ ಕೆರೆ ಆಚೆ ಒಂದೇ ಒಂದು ಹಸಿರು ದೀಪ, ಅದು ಕೊಳ್ಳಿದೆವ್ವ. ಇದನ್ನ ಯಾಕೆ ಇಟ್ಟೆ ಅಂದ್ರೆ, ಕುಂಬಳಕಾಯಿ ದೀಪಕ್ಕೆ ಇಲ್ಲಿ ಜಾಕ್ ಓ ಲ್ಯಾಂಟರ್ನ್ ಅಂತಾರಲ್ಲ, ಆ ಹೆಸರು ಮೊದಲು ಕುಂಬಳಕಾಯಿದ್ದಲ್ಲವೇ ಅಲ್ಲ. ಇಂಗ್ಲೆಂಡಿನ ಹಳ್ಳಿಗಳಲ್ಲಿ ರಾತ್ರಿ ಜೌಗು ನೆಲದ ಮೇಲೆ ಓಡಾಡೋ ಬೆಳಕಿಗೆ ಹಾಗೆ ಅಂತಿದ್ರು, ಅಂದ್ರೆ ನಮ್ಮ ಕೊಳ್ಳಿದೆವ್ವನೇ. ಐರ್ಲೆಂಡ್ ಕಥೇಲಿ ಜಾಕ್ ಅನ್ನೋನು ಸೈತಾನನಿಗೇ ಮೋಸ ಮಾಡಿ, ಸತ್ತ ಮೇಲೆ ಸ್ವರ್ಗಕ್ಕೂ ಸೇರದೆ ನರಕಕ್ಕೂ ಸೇರದೆ, ಟೊಳ್ಳು ಮಾಡಿದ ಟರ್ನಿಪ್ ಗಡ್ಡೇಲಿ ಒಂದು ಕೆಂಡ ಇಟ್ಕೊಂಡು ಕತ್ತಲಲ್ಲಿ ಅಲೀತಾ ಇರ್ತಾನೆ. ಅಲ್ಲಿ ಕೆತ್ತುತ್ತಿದ್ದಿದ್ದೂ ಟರ್ನಿಪ್ಪನ್ನೇ. ಐರ್ಲೆಂಡಿನ ಮೇಯೋ ಕೌಂಟಿ ಕ್ಯಾಸಲ್‌ಬಾರ್ ಹತ್ರದ ರಾಷ್ಟ್ರೀಯ ಮ್ಯೂಸಿಯಂನಲ್ಲಿ ಅಂಥ ಒಂದರ ಅಚ್ಚು ಇಟ್ಟಿದಾರೆ, ಫೋಟೋ ನೋಡಿ ಒಂದ್ಸಲ, ಹಲ್ಲು ಕಿರಿದ ಮುದುಕನ ಮುಖ, ಈಗಿನ ಯಾವ ಕುಂಬಳಕಾಯಿಗೂ ಆ ಭಯ ಇಲ್ಲ. 1840ರ ದಶಕದ ಆಲೂಗಡ್ಡೆ ಬರಗಾಲದಲ್ಲಿ ಲಕ್ಷಾಂತರ ಐರಿಷ್ ಜನ ಇಲ್ಲಿಗೆ ಬಂದ್ರು, ಇಲ್ಲಿ ಕುಂಬಳಕಾಯಿ ದೊಡ್ಡದು, ಕೆತ್ತೋಕೆ ಸುಲಭ, ಗಡ್ಡೆ ಹೋಗಿ ಕಾಯಿ ಬಂತು. ಊರು ಬಿಟ್ಟು ಬಂದವರು ಕೈಗೆ ಸಿಕ್ಕಿದ್ದರಲ್ಲಿ ತಮ್ಮ ದೆವ್ವನ ಇಟ್ಕೊಂಡಿದಾರೆ, ನಾನು ಮಾಡಿದ್ದೂ ಅಷ್ಟೇ.

ಲೈಟಿಗೆ ಮೇಣದಬತ್ತಿ ಖಂಡಿತ ಬೇಡ, ಫೋಮ್ ಹತ್ತಿಕೊಳ್ಳುತ್ತೆ. ತಾಮ್ರದ ತಂತಿಯ ಎಲ್‌ಇಡಿ ಸರ, ಡಬಲ್ ಎ ಬ್ಯಾಟರಿ ಡಬ್ಬ ಕಾಯಿ ಹಿಂದೆ, ತಂತಿಗೆ ತಳದಲ್ಲಿ ಒಂದು ತೂತು. ಎರಡು ಬಲ್ಬು ಮನೆ ಒಳಗೆ, ಕಿಟಕಿಗೆ ಬೆಣ್ಣೆ ಕಾಗದ. ಎರಡು ಮೇಲಿನ ಅಂಚಿನ ಹಿಂದೆ ನೀಲಿ ಕಾಗದ ಸುತ್ತಿ, ಅದು ಬೆಳದಿಂಗಳು. ಕೊಳ್ಳಿದೆವ್ವದ ಹಸಿರು ದೀಪಕ್ಕೆ ಒಂದು ಬಿಟ್ಟು ಉಳಿದಿದ್ದಕ್ಕೆಲ್ಲ ಕಪ್ಪು ಟೇಪ್. ಬಲ್ಬು ಯಾವುದೂ ನೇರ ಕಣ್ಣಿಗೆ ಬೀಳಬಾರದು, ಬಿದ್ದ್ರೆ ಮುಗೀತು. ಚಿಕ್ಕ ಮಕ್ಕಳಿರೋ ಮನೇಲಿ ಗುಂಡಿ ಸೆಲ್ಲಿನ ಪುಟ್ಟ ದೀಪಗಳನ್ನ ದಯವಿಟ್ಟು ಎಲ್ಲೆಂದರಲ್ಲಿ ಇಡ್ಬೇಡಿ, ಆ ಸೆಲ್ ನುಂಗಿದ್ರೆ ಎರಡೇ ಗಂಟೇಲಿ ಅನ್ನನಾಳ ಸುಟ್ಟುಬಿಡುತ್ತೆ.

31ರ ಸಂಜೆ ಬಾಗಿಲ ಎರಡೂ ಕಡೆ ಹಣತೆ ಹಚ್ಚಿ, ಸ್ವಲ್ಪ ದೂರದಲ್ಲಿ ಸ್ಟೂಲ್ ಮೇಲೆ ಕುಂಬಳಕಾಯಿ ಇಟ್ವಿ. ಚಾಕಲೇಟಿಗೆ ಬಂದ ಮಕ್ಕಳು ಮಂಡಿಯೂರಿ ಒಳಗೆ ಇಣುಕಿ ನೋಡೋರು. ಬಾಗಿಲ ಮೇಲೆ ಏನು ಬರೆದಿದೆ ಅಂತ ಪ್ರತಿಯೊಬ್ಬರೂ ಕೇಳಿದ್ರು, ಮಗಳೇ ಕೂತು ಹೇಳಿದ್ಲು, ಹೆಜ್ಜೆ ವಿಷಯ ಮಾತ್ರ ಕೊನೆಗೆ, ಮೆಲ್ಲಗೆ, ಬೆರಳಲ್ಲಿ ತೋರಿಸ್ತಾ. ಡೈನೋಸಾರ್ ಡ್ರೆಸ್ಸಿನ ಒಬ್ಬ ಹುಡುಗ ಬ್ಯಾಗ್ ಅಲ್ಲೇ ಬಿಟ್ಟು ಅವನಮ್ಮನ ಕೈ ಹಿಡ್ಕೊಂಡ. ರಾತ್ರಿ ಮಲಗೋ ಮುಂಚೆ ಮಗಳು ಸೀಮೆಸುಣ್ಣ ಕೇಳಿದ್ಲು. ಅವಳ ರೂಮ್ ಬಾಗಿಲ ಮೇಲೆ ವಕ್ರ ಅಕ್ಷರದಲ್ಲಿ ಅದು ಈಗಲೂ ಇದೆ, "ಳೆ" ಎತ್ವ ಸ್ವಲ್ಪ ತಪ್ಪಿದೆ, ನಾನು ತಿದ್ದಿಲ್ಲ.

ಮುಂದಿನ ಸಲಕ್ಕೆ ಅಂಗಳದಲ್ಲಿ ಒಂದು ಬಾವಿ ಬೇಕು. ರಾಟೆಗೆ ಅವಳ ಹಳೇ ಫ್ರಾಕಿನ ಒಂದು ಗುಂಡಿ ಎತ್ತಿಟ್ಟಿದೀನಿ, ಹಗ್ಗಕ್ಕೆ ಕಂದು ದಾರ ಇದೆ, ಬಿಂದಿಗೆ ಯಾವುದರಲ್ಲಿ ಮಾಡೋದು ಅಂತ ಇನ್ನೂ ಹೊಳೆದಿಲ್ಲ, ನಿಮಗೇನಾದ್ರೂ ಹೊಳೆದ್ರೆ ಹೇಳಿ.