ಎಫ್‌ಸಿ ಪಿಕಪ್ ಕೆಲಸ: ಏರಿನಲ್ಲಿ ಮಿಸ್ ಹೊಡೆಯುತ್ತಿದ್ದ ಎಂಜಿನ್

ತೀರ್ಥಹಳ್ಳಿಯ ತೋಟದಲ್ಲಿ ಗೊಬ್ಬರ, ಸೊಪ್ಪು, ಅಡಿಕೆಮೂಟೆ ಹೊತ್ತು ಸವೆದಿರುವ ನಮ್ಮ ಮಹೀಂದ್ರಾ ಎಫ್‌ಸಿ (ಫಾರ್ವರ್ಡ್ ಕಂಟ್ರೋಲ್) ಪಿಕಪ್ ಮಟ್ಟಸ ರಸ್ತೆಯಲ್ಲಿ ತಕ್ಕಮಟ್ಟಿಗೆ ಓಡುತ್ತಿತ್ತಾದರೂ, ಉದ್ದನೆಯ ಏರು ಹತ್ತಿ ಎಂಜಿನ್ ಕಾದೊಡನೆ ಮಿಸ್ ಹೊಡೆಯುತ್ತಿತ್ತು, ಅಂದರೆ ಸಿಲಿಂಡರ್ ಸರಿಯಾಗಿ ಉರಿಯದೆ ಮುಗ್ಗರಿಸುತ್ತಿತ್ತು. ಗೇರ್ ಇಳಿಸಿದರೂ ಎಳೆತ ಮರಳುತ್ತಿರಲಿಲ್ಲ. ನೋಡಿದವರೆಲ್ಲ ಪೆಟ್ರೋಲನ್ನು ಗಾಳಿಯೊಡನೆ ಬೆರೆಸುವ ಕಾರ್ಬ್ಯುರೇಟರನ್ನೇ ದೂರಿದರು. ಆ ಅನುಮಾನ ಆಧಾರವಿಲ್ಲದ್ದೇನೂ ಅಲ್ಲ. ಈಗಿನ ಪೆಟ್ರೋಲಿನಲ್ಲಿ ಶೇ. 20ರಷ್ಟು ಎಥೆನಾಲ್ ಇರುತ್ತದೆ. ಅದು ತೇವವನ್ನು ಹೀರುವುದರಿಂದ, ಮಲೆನಾಡಿನ ಮಳೆಗಾಲವಿಡೀ ನಿಂತ ಗಾಡಿಯ ಟ್ಯಾಂಕಿನ ತಳದಲ್ಲಿ ನೀರು ಬೇರ್ಪಟ್ಟು ಕೂರಬಹುದು. ಹಳೆಯ ರಬ್ಬರ್ ಪೈಪುಗಳೂ ಪೆಟ್ರೋಲ್ ಪಂಪಿನ ಡಯಾಫ್ರಮ್ ಕೂಡ ಅದರಿಂದ ಉಬ್ಬಿ ಮೆತ್ತಗಾಗುತ್ತವೆ. ಟ್ಯಾಂಕ್ ತೊಳೆದು ಇವೆಲ್ಲವನ್ನೂ ಬದಲಾಯಿಸಿದ ಮೇಲೆ ಬೆಳಗಿನ ಸ್ಟಾರ್ಟಿಂಗ್ ಸುಧಾರಿಸಿತು, ಏರಿನ ತೊಂದರೆ ಮಾತ್ರ ಹಾಗೆಯೇ ಉಳಿಯಿತು.

ಆಮೇಲೆ ಕಂಪ್ರೆಷನ್, ಅಂದರೆ ಸಿಲಿಂಡರಿನೊಳಗೆ ಪಿಸ್ಟನ್ ಹುಟ್ಟಿಸುವ ಒತ್ತಡ, ಅಳೆದೆವು. ಒಂದು, ಎರಡು ಮತ್ತು ನಾಲ್ಕನೆಯ ಸಿಲಿಂಡರುಗಳು 120 ಪಿಎಸ್‌ಐ ಆಸುಪಾಸಿನಲ್ಲಿದ್ದರೆ ಮೂರನೆಯದು 70ನ್ನು ದಾಟಲಿಲ್ಲ. ಪ್ಲಗ್ ರಂಧ್ರದಿಂದ ಒಂದಿಷ್ಟು ಆಯಿಲ್ ಬಿಟ್ಟರೆ ಅದು ಪಿಸ್ಟನ್ ರಿಂಗಿನ ಸೋರಿಕೆಯನ್ನು ಸ್ವಲ್ಪ ಹೊತ್ತು ಮುಚ್ಚುತ್ತದೆ. ಹಾಗೆ ಮಾಡಿ ಮತ್ತೆ ಅಳೆದರೂ ಅಂಕಿ ಮೇಲೇರದ ಕಾರಣ, ದೋಷ ರಿಂಗಿನದಲ್ಲ, ಬಹುಪಾಲು ವಾಲ್ವಿನದೇ ಎಂದು ತೋರಿತು.

ಇದು 134 ಘನ ಅಂಗುಲದ, ಅಂದರೆ ಸುಮಾರು 2.2 ಲೀಟರಿನ ವಿಲ್ಲೀಸ್ ಎಫ್‌-ಹೆಡ್ ಎಂಜಿನ್. ಇದರ ಇನ್‌ಲೆಟ್ ವಾಲ್ವ್‌ಗಳು ಹೆಡ್ಡಿನಲ್ಲಿಯೂ ಎಕ್ಸಾಸ್ಟ್ ವಾಲ್ವ್‌ಗಳು ಬ್ಲಾಕಿನಲ್ಲಿಯೂ ಇವೆ. ಇದೇ ಎಂಜಿನ್ ಇದ್ದ ಸಿಜೆ-3ಬಿ ಜೀಪಿನ ಬಾನೆಟ್ ಎತ್ತರವಾದದ್ದು ಈ ಎಂಜಿನ್ನಿನ ಎತ್ತರದಿಂದಲೇ. ಎಫ್‌ಸಿಯಲ್ಲಿ ಬಾನೆಟ್ಟೇ ಇಲ್ಲ. ಎಂಜಿನ್ ಎರಡು ಸೀಟುಗಳ ನಡುವಿನ ಪೆಟ್ಟಿಗೆಯಡಿ ಇರುವುದರಿಂದ ರಿಪೇರಿಯೆಲ್ಲ ಕ್ಯಾಬಿನ್ನಿನೊಳಗೆ ಬೆನ್ನು ಬಗ್ಗಿಸಿಯೇ ನಡೆಯಬೇಕು. ವಿನ್ಯಾಸ ಮಾಡಿದವರು ಸ್ವತಃ ಒಮ್ಮೆ ಹೆಡ್ ಇಳಿಸಿ ನೋಡಿದ್ದರೆ ಚೆನ್ನಾಗಿತ್ತು ಎಂದು ನನಗನ್ನಿಸುತ್ತದೆ. ಹೆಡ್ ಎತ್ತುವ ಮೊದಲು ಕಾರ್ಬ್ಯುರೇಟರ್ ತೆಗೆದು ಅದರ ಕೆಳಗಿನ ದಾರಿಯೊಳಗೆ ಅಡಗಿರುವ ಬೋಲ್ಟನ್ನು ಬಿಚ್ಚಲೇಬೇಕು. ಅದನ್ನು ಅರಿಯದವರು ಹೆಡ್ಡಿಗೆ ಉಳಿ ಕೊಟ್ಟು ಮೀಟಿ ಗ್ಯಾಸ್ಕೆಟ್ ಕೂರುವ ಮೈಯನ್ನೇ ಹಾಳುಮಾಡುವುದುಂಟು.

ಮೂರನೆಯ ಎಕ್ಸಾಸ್ಟ್ ವಾಲ್ವಿನ ಅಂಚು ಒಂದು ಕಡೆ ಸುಟ್ಟು ಹೋಗಿತ್ತು. ವಾಲ್ವಿನ ಕಾಂಡಕ್ಕೂ ಅದನ್ನು ಎತ್ತುವ ಟ್ಯಾಪೆಟ್‌ಗೂ ನಡುವಿನ ಸಂದಿಗೆ, ಅದನ್ನು ಅಳೆಯುವ ಫೀಲರ್ ಗೇಜಿನ ತೀರಾ ತೆಳುವಾದ ಎಲೆಯೂ ನುಗ್ಗಲಿಲ್ಲ. ವಾಲ್ವ್ ಮುಚ್ಚಿ ಕೂರುವ ಸೀಟ್ ಸವೆದಂತೆ ವಾಲ್ವ್ ಕೆಳಗಿಳಿದು ಸಂದು ಮುಚ್ಚುತ್ತದೆ. ಎಂಜಿನ್ ಕಾದಾಗ ಅದರ ಕಾಂಡ ಇನ್ನಷ್ಟು ಉದ್ದವಾಗಿ, ವಾಲ್ವ್ ಪೂರ್ತಿ ಕೂರದೆ, ಸೀಟಿಗೆ ದಾಟಬೇಕಾದ ಶಾಖ ಅದರಲ್ಲೇ ಉಳಿದು ಅಂಚು ಸುಡುತ್ತದೆ. ಟ್ಯಾಪೆಟ್ ಸದ್ದೇ ಇಲ್ಲವೆಂದು ಈ ಎಂಜಿನ್ನನ್ನು ಹೊಗಳುತ್ತಿದ್ದವರಿಗೆ ಆ ಮೌನವೇ ರೋಗದ ಲಕ್ಷಣವೆಂದು ಹೊಳೆದಿರಲಿಲ್ಲ.

ಉಳಿದ ವಾಲ್ವ್‌ಗಳ ಮುಖವನ್ನು ಶಿವಮೊಗ್ಗದ ಲೇತ್ ಅಂಗಡಿಯಲ್ಲಿ ಗ್ರೈಂಡ್ ಮಾಡಿಸಿ, ಮೂರನೆಯದನ್ನು ಹೊಸದಾಗಿ ಹಾಕಿದೆವು. ಎಕ್ಸಾಸ್ಟ್ ಸೀಟುಗಳು ಬ್ಲಾಕಿನಲ್ಲಿರುವ ಕಾರಣ ಅವನ್ನು ಅಂಗಡಿಗೆ ಒಯ್ಯಲಾಗದು. ಮೇಸ್ತ್ರಿಯವರು ಕಟ್ಟರ್ ಹಿಡಿದು ಶೆಡ್ಡಿಗೇ ಬಂದು, ಬೋರಿನೊಳಗೆ ಪುಡಿ ಇಳಿಯದಂತೆ ಬಟ್ಟೆ ತುರುಕಿ, ಸೀಟ್ ಕತ್ತರಿಸಿ ಪೇಸ್ಟಿನಿಂದ ಉಜ್ಜಿ ಕೂರಿಸಿದರು. ಸಂದು ಎಕ್ಸಾಸ್ಟಿಗೆ 0.016 ಅಂಗುಲ, ಇನ್‌ಲೆಟ್ಟಿಗೆ 0.018 ಅಂಗುಲ. ಪ್ಲಗ್ ಕಿಡಿ ಹಾರಿಸುವ ಟೈಮಿಂಗನ್ನು ಪಿಸ್ಟನ್ ಮೇಲ್ತುದಿ ಮುಟ್ಟುವುದಕ್ಕೆ 5 ಡಿಗ್ರಿ ಮೊದಲು ನಿಲ್ಲಿಸಿದೆ. ಫೈರಿಂಗ್ ಕ್ರಮ 1-3-4-2.

ಪರೀಕ್ಷೆಗೆ ಆಗುಂಬೆ ಘಾಟಿಯನ್ನೇ ಆರಿಸಿಕೊಂಡೆ. ಸೋಮೇಶ್ವರದವರೆಗೆ ಇಳಿದು, ಹಿಂದೆ ಗೊಬ್ಬರದ ಚೀಲಗಳನ್ನು ಹೇರಿಕೊಂಡು ಹತ್ತಿದಾಗ ತಿರುವುಗಳಲ್ಲೆಲ್ಲ ಎಳೆತ ಒಂದೇ ಸಮನಾಗಿತ್ತು. ಒಮ್ಮೆಯೂ ಮಿಸ್ ಹೊಡೆಯಲಿಲ್ಲ. ಆದರೆ ಮೇಲೆ ಬಂದು ತೆಗೆದು ನೋಡಿದ ಪ್ಲಗ್‌ಗಳು ಬೇಕಾದದ್ದಕ್ಕಿಂತ ಬಿಳಿಯಾಗಿದ್ದವು. ಶುದ್ಧ ಪೆಟ್ರೋಲಿನ ಒಂದು ಪಾಲಿಗೆ 14.7 ಪಾಲು ಗಾಳಿ ಸಾಕಾದರೆ ಶೇ. 20 ಎಥೆನಾಲ್ ಬೆರೆತದ್ದಕ್ಕೆ ಸುಮಾರು 13.5 ಪಾಲು ಮಾತ್ರ ಬೇಕು. ಕಾರ್ಬ್ಯುರೇಟರಿನಲ್ಲಿ ಪೆಟ್ರೋಲನ್ನು ಅಳೆದು ಬಿಡುವ ಹಳೆಯ ಜೆಟ್ಟಿನಲ್ಲಿ ಗಾಳಿಯ ಪಾಲು ಹೆಚ್ಚಾಗಿ ಮಿಶ್ರಣ ತೆಳುವಾಗುತ್ತಿದೆ. ಹೊಸ ವಾಲ್ವ್ ಮತ್ತೆ ಸುಡುವ ಮೊದಲು ಒಂದು ಅಳತೆ ದೊಡ್ಡದಾದ ಮೇನ್ ಜೆಟ್ ಹಾಕಿ, ಇದೇ ಏರಿನಲ್ಲಿ ಪ್ಲಗ್ ಬಣ್ಣವನ್ನು ಮತ್ತೆ ನೋಡಬೇಕು.