ಟಾರ್ಟರ್ ತಡೆಯುವ ಟೂತ್‌ಪೇಸ್ಟ್: ಸದ್ಯ ಎಲ್ಲಿಗೆ ಬಂದಿದೆ

ಟಾರ್ಟರ್, ಅಂದರೆ ಹಲ್ಲಿಗೆ ಕಟ್ಟುವ ಕಲ್ಲು, ತಡೆಯಲು ನಾನು ಮನೆಯಲ್ಲೇ ಮಾಡುತ್ತಿರುವ ಪೇಸ್ಟ್ ಈಗ ಬ್ರಶ್ ಮೇಲೆ ನಿಲ್ಲುತ್ತಿದೆ. ನೀರು ಬಿಡುತ್ತಿಲ್ಲ, ನೊರೆಯೂ ಸಾಕಷ್ಟಿದೆ. ಉಳಿದಿರುವುದು ಎರಡು ಕಾಟ: ಕಹಿ ಮತ್ತು ಪೇಸ್ಟಿನಲ್ಲಿ ಕಟ್ಟುವ ಹರಳು. ಬಾಗಲಕೋಟೆಯಲ್ಲಿ ಇದರ ವಿಷಯ ಕೇಳಿದವರೆಲ್ಲ ಮೊದಲು ಕೇಳುವುದು ಬೇರೆಯೇ. ಪಕ್ಕದ ಮನೆಯ ಕಾಕು ಕೇಳಿದ್ದೂ ಅದನ್ನೇ: "ತಮ್ಮಾ, ಇದನ್ನ ಹಚ್ಚಿ ತಿಕ್ಕಿದ್ರ ಹಲ್ಲಿನ ಕಲ್ಲು ಉದುರ್ತಾವೇನು?"

"ಇಲ್ರೀ ಕಾಕು. ಕೂತಿದ್ದನ್ನ ಡಾಕ್ಟರೇ ತೆಗೀಬೇಕು. ಇದು ಹೊಸದು ಕೂರದಂಗ ತಡೀತೈತಿ, ಅಷ್ಟ."

ನಮ್ಮ ಕಡೆ ಬೋರ್ ನೀರು ಗಡಸು, ಹಲ್ಲಿಗೆ ಕಲ್ಲು ಕಟ್ಟುವುದು ಅದರಿಂದಲೇ ಅಂತ ತುಂಬಾ ಜನ ನಂಬಿದ್ದಾರೆ. ನೀರು ಕಾಯಿಸುವ ಪಾತ್ರೆಯ ತಳದಲ್ಲಿ ಬಿಳಿ ಪದರ ಕೂರುವ ಹಾಗೇ ಇಲ್ಲೂ ಕೂರುತ್ತದೆ, ಆದರೆ ಸುಣ್ಣ ಬರುವುದು ನಮ್ಮ ಜೊಲ್ಲಿನಿಂದ. ಜೊಲ್ಲಿನಲ್ಲಿ ಕ್ಯಾಲ್ಸಿಯಂ, ಫಾಸ್ಫೇಟ್ ಎರಡೂ ಇವೆ. ತಿಕ್ಕದೆ ಉಳಿದ ಪ್ಲಾಕಿನೊಳಗೆ, ಅಂದರೆ ಹಲ್ಲಿಗೆ ಅಂಟುವ ಸೂಕ್ಷ್ಮಾಣುಗಳ ಲೋಳೆಯೊಳಗೆ, ಅವು ಸೇರಿ ಗಟ್ಟಿಯಾಗುತ್ತವೆ. ಅದಕ್ಕೇ ಕೆಳಗಿನ ಮುಂದಿನ ಹಲ್ಲುಗಳ ಒಳಬದಿಯಲ್ಲಿ, ಮೇಲಿನ ದವಡೆ ಹಲ್ಲುಗಳ ಕೆನ್ನೆ ಬದಿಯಲ್ಲಿ ಟಾರ್ಟರ್ ಜಾಸ್ತಿ. ಜೊಲ್ಲಿನ ನಾಳಗಳು ಬಾಯೊಳಗೆ ತೆರೆಯುವುದು ಅಲ್ಲೇ.

ಹಾಗಾಗಿ ಉಜ್ಜುವ ಪುಡಿಯ ಬಲ ಹೆಚ್ಚಿಸುವ ದಾರಿಗೆ ನಾನು ಹೋಗಲಿಲ್ಲ. ಒರಟು ಪುಡಿ ಹಲ್ಲನ್ನೇ ಸವೆಸುತ್ತದೆ. ನಾನು ನಂಬಿರುವುದು ಪೈರೋಫಾಸ್ಫೇಟ್ ಎಂಬ ಉಪ್ಪನ್ನು. ಅದು ಆಗತಾನೇ ಹುಟ್ಟುವ ಹರಳಿನ ಮೈಗೆ ಅಂಟಿಕೊಂಡು ಬೆಳೆಯಲು ಬಿಡುವುದಿಲ್ಲ. 1985ರಲ್ಲಿ ಅಮೆರಿಕದಲ್ಲಿ ಬಂದ ಕ್ರೆಸ್ಟ್ ಟಾರ್ಟರ್ ಕಂಟ್ರೋಲ್ ಪೇಸ್ಟಿನ ಆಧಾರವೂ ಇದೇ.

ಗೆಳೆಯನೊಬ್ಬ, "ಲೋಕಾಪುರದ ಕಡೆ ಬೇಕಾದಷ್ಟು ಸುಣ್ಣದ ಕಲ್ಲು ಐತಲ್ಲೋ, ಅದರ ನುಣ್ಣನೆ ಪುಡಿ ಹಾಕು" ಅಂದ. ಕ್ಯಾಲ್ಸಿಯಂ ಕಾರ್ಬೊನೇಟ್ ಅಗ್ಗ, ಎಷ್ಟೋ ಪೇಸ್ಟುಗಳಲ್ಲಿ ಇದೆ, ನಿಜ. ಆದರೆ ಪೈರೋಫಾಸ್ಫೇಟ್ ಹುಡುಕುವುದೇ ಕ್ಯಾಲ್ಸಿಯಮ್ಮನ್ನು. ಟ್ಯೂಬಿನೊಳಗೇ ಅದನ್ನು ಹಿಡಿದುಕೊಂಡರೆ ಬಾಯಿಗೆ ಬರುವಷ್ಟರಲ್ಲಿ ಕೆಲಸಕ್ಕೆ ಉಳಿಯುವುದಿಲ್ಲ. ಅದಕ್ಕೇ ಉಜ್ಜುವ ಪುಡಿಯಾಗಿ ಸಿಲಿಕಾ. ನೀರೂ ಬೋರಿನದಲ್ಲ, ಡಿಸ್ಟಿಲ್ಡ್.

ಈಗಿನ ಅಳತೆ, 100 ಗ್ರಾಂಗೆ: ಸಾರ್ಬಿಟಾಲ್ ದ್ರಾವಣ 40, ಸಿಲಿಕಾ 20, ಗ್ಲಿಸರಿನ್ 10, ಎರಡು ಬಗೆಯ ಪೈರೋಫಾಸ್ಫೇಟ್ ಸೇರಿ 3, ಎಸ್‌ಎಲ್‌ಎಸ್ (ನೊರೆಗೆ) 1, ಕ್ಸಾಂಥನ್ ಗಮ್ (ಪೇಸ್ಟ್ ಮಂದವಾಗಲು) 1, ಪುದೀನಾ ಎಣ್ಣೆ 1, ಚೂರು ಸ್ಯಾಕರಿನ್, ಕೆಡದ ಹಾಗೆ ಕಾಯಲು ಮೀಥೈಲ್ ಪ್ಯಾರಾಬೆನ್, ಉಳಿದದ್ದು ನೀರು. ಗಮ್ಮನ್ನು ಮೊದಲು ಗ್ಲಿಸರಿನ್ನಿನಲ್ಲಿ ಕಲಸಿದರೆ ಗಂಟು ಕಟ್ಟುವುದಿಲ್ಲ.

ಎರಡು ಬಗೆ ಯಾಕೆ? ಟೆಟ್ರಾಸೋಡಿಯಂ ಪೈರೋಫಾಸ್ಫೇಟ್ ಒಂದೇ ಹಾಕಿದರೆ ಹುಳಿ-ಕ್ಷಾರದ ಅಳತೆಯಾದ ಪಿಎಚ್ 10ರ ಹತ್ತಿರ, ಅಂದರೆ ಕ್ಷಾರದ ಕಡೆಗೆ, ಹೋಗುತ್ತದೆ, ಬಾಯಿ ಉರಿಯುತ್ತದೆ. ಬೇಕಿಂಗ್ ಪೌಡರಿನಲ್ಲೂ ಬಳಸುವ ಡೈಸೋಡಿಯಂ ಪೈರೋಫಾಸ್ಫೇಟ್ ಹುಳಿ ಸ್ವಭಾವದ್ದು. ಅದನ್ನು ಬೆರೆಸುತ್ತಾ ಪಿಎಚ್ 8ಕ್ಕೆ ತಂದಿದ್ದೇನೆ. ಸೋಡಿಯಂ ಬೆಂಜೋಯೇಟ್ ಇಲ್ಲಿ ನಡೆಯಲ್ಲ, ಅದು ಪೇಸ್ಟ್ ಕೆಡದ ಹಾಗೆ ಕಾಯುವುದು ಹುಳಿ ಇದ್ದಾಗ ಮಾತ್ರ.

ನನಗೆ ಹೆಚ್ಚು ಖುಷಿ ಕೊಟ್ಟಿದ್ದು ಬೀಕರ್ ಪರೀಕ್ಷೆ. ಕ್ಯಾಲ್ಸಿಯಂ ಕ್ಲೋರೈಡ್ ದ್ರಾವಣಕ್ಕೆ ಸೋಡಿಯಂ ಫಾಸ್ಫೇಟ್ ಸುರಿದರೆ ತಕ್ಷಣ ಹಾಲಿನ ಬಣ್ಣ. ಆ ಮೆತ್ತನೆ ಪುಡಿ ಗಟ್ಟಿ ಹರಳಾಗಿ ಬದಲಾಗುವಾಗ ಪಿಎಚ್ ಇಳಿಯುತ್ತದೆ, ಮೀಟರಿನಲ್ಲಿ ಅದನ್ನು ನೋಡಬಹುದು. ಬರೀ ದ್ರಾವಣದಲ್ಲಿ ಬೇಗ ಇಳಿಯಿತು. ಚಿಟಿಕೆ ಪೈರೋಫಾಸ್ಫೇಟ್ ಹಾಕಿದ ಬೀಕರಿನಲ್ಲಿ ಮುಳ್ಳು ಅಲುಗಲು ಎಷ್ಟೋ ಹೊತ್ತು ಹಿಡಿಯಿತು. ಬಾಯಲ್ಲಿ ಇಷ್ಟು ಸಲೀಸಲ್ಲ. ಜೊಲ್ಲಿನ ಎಂಜೈಮುಗಳು ಪೈರೋಫಾಸ್ಫೇಟನ್ನು ಒಡೆಯುತ್ತವೆ.

ಹರಳಿನ ಕಾಟ ಚಳಿಯಲ್ಲಿ ಶುರುವಾಗುತ್ತದೆ. ಸೋಡಿಯಂ ಉಪ್ಪು ತಣ್ಣೀರಿನಲ್ಲಿ ಚೆನ್ನಾಗಿ ಕರಗಲ್ಲ, ಬೆಳಿಗ್ಗೆ ಪೇಸ್ಟ್ ಮರಳು ಮರಳು. ಮುಂದಿನ ಬ್ಯಾಚಿಗೆ ಒಂದು ಪಾಲು ಪೊಟ್ಯಾಸಿಯಂ ಪೈರೋಫಾಸ್ಫೇಟ್ ಹಾಕುತ್ತೇನೆ, ಅದು ಸಲೀಸಾಗಿ ಕರಗುತ್ತದೆ. ಕಹಿಗೆ ಲವಂಗದ ಎಣ್ಣೆ ಒಂದೆರಡು ಹನಿ. ಸತುವಿನ ಸಿಟ್ರೇಟ್ ಕೂಡ ಟಾರ್ಟರ್ ತಡೆಯುತ್ತದೆ, ಆದರೆ ಒಗರು. ಅದನ್ನು ಬೇರೆ ಬ್ಯಾಚಿನಲ್ಲೇ ನೋಡಬೇಕು.

ಫ್ಲೋರೈಡ್ ಹಾಕಿಲ್ಲ, ಹಾಕುವುದೂ ಇಲ್ಲ. ನಮ್ಮ ದೇಶದಲ್ಲಿ ಪೇಸ್ಟಿಗೆ 1000 ಪಿಪಿಎಂ ಮಿತಿ ಇದೆ, ಅಂದರೆ 100 ಗ್ರಾಂನಲ್ಲಿ 0.1 ಗ್ರಾಂ. ಅಷ್ಟನ್ನು ಮನೆಯಲ್ಲಿ ಸಮವಾಗಿ ಕಲಸಿದ್ದೇನೆ ಅಂತ ಎದೆ ತಟ್ಟಿ ಹೇಳಲಾರೆ. ಹುನಗುಂದ, ಇಳಕಲ್ ಸೀಮೆಯ ಕೆಲವು ಊರುಗಳಲ್ಲಿ ಬೋರ್ ನೀರಿನಲ್ಲೇ ಫ್ಲೋರೈಡ್ ಜಾಸ್ತಿಯಾಗಿ ಮಕ್ಕಳ ಹಲ್ಲು ಕಂದಾಗಿರುವುದನ್ನು ಕಂಡವರಿಗೆ ಈ ಎಚ್ಚರ ಅರ್ಥವಾಗುತ್ತದೆ. ಆದರೆ ಹುಳುಕು ತಡೆಯಲು ಫ್ಲೋರೈಡ್ ಬೇಕು. ಹಾಗಾಗಿ ರಾತ್ರಿ ಅಂಗಡಿಯ ಪೇಸ್ಟು, ಬೆಳಿಗ್ಗೆ ನನ್ನದು. ಮಕ್ಕಳಿಗೆ ಇದನ್ನು ಕೊಡುವುದಿಲ್ಲ.

ಹೊಸ ಬ್ಯಾಚ್ ಶುರು ಮಾಡುವ ಮೊದಲು ಹಲ್ಲಿನ ಡಾಕ್ಟರ ಹತ್ತಿರ ಸ್ಕೇಲಿಂಗ್, ಅಂದರೆ ಕೂತ ಕಲ್ಲು ತೆಗೆಯುವ ಕೆಲಸ, ಮಾಡಿಸಿಕೊಳ್ಳುತ್ತೇನೆ. ಹಲ್ಲು ಸ್ವಚ್ಛ ಇದ್ದರೇ ಹೊಸದಾಗಿ ಎಷ್ಟು ಕೂತಿತು ಅಂತ ಗೊತ್ತಾಗೋದು. ಕೆಳಗಿನ ಮುಂದಿನ ಹಲ್ಲುಗಳ ಒಳಬದಿಯ ಫೋಟೋ ತೆಗೆದಿಟ್ಟು, ಆರು ತಿಂಗಳಾದ ಮೇಲೆ ಅದೇ ಡಾಕ್ಟರಿಗೆ ತೋರಿಸುವುದು ಅಂತ ಮಾತಾಗಿದೆ.