ಗಾಫ್ ಸ್ಕ್ವೇರಿನ ಬಾಗಿಲು

ಲಂಡನ್ನಿನ ಫ್ಲೀಟ್ ಸ್ಟ್ರೀಟಿನ ಗದ್ದಲವನ್ನು ಬಿಟ್ಟು, ಇಬ್ಬರು ಎದುರಾದರೆ ಒಬ್ಬರು ಗೋಡೆಗೆ ಸರಿಯಬೇಕಾದಷ್ಟು ಇಕ್ಕಟ್ಟಾದ ಓಣಿಗಳನ್ನು ದಾಟಿ ಗಾಫ್ ಸ್ಕ್ವೇರ್ ಎಂಬ ಪುಟ್ಟ ಚೌಕವನ್ನು ತಲುಪಿದಾಗ ಮಧ್ಯಾಹ್ನ ಮೂರು ಗಂಟೆಯಾಗಿತ್ತು. ನವೆಂಬರ್ ತಿಂಗಳಾದ್ದರಿಂದ ಬೆಳಕು ಆಗಲೇ ಇಳಿಯತೊಡಗಿತ್ತು. 1700ರ ಸುಮಾರಿಗೆ ಕಟ್ಟಿದ, ಕೆಂಪು ಇಟ್ಟಿಗೆಯ 17ನೇ ನಂಬರಿನ ಮನೆ ಎದುರಿಗಿತ್ತು. ಸ್ಯಾಮ್ಯುಯೆಲ್ ಜಾನ್ಸನ್ 1748ರಿಂದ 1759ರವರೆಗೆ ಬಾಡಿಗೆಗಿದ್ದು, 1755ರಲ್ಲಿ ಹೊರಬಂದ ತಮ್ಮ ಇಂಗ್ಲಿಷ್ ನಿಘಂಟನ್ನು ಸಿದ್ಧಪಡಿಸಿದ್ದು ಇಲ್ಲಿಯ ಅಟ್ಟದಲ್ಲಿಯೇ. ದಿನವೂ ಕಿಟೆಲ್ಲರ ನಿಘಂಟನ್ನು ಮೇಜಿನ ಮೇಲಿಟ್ಟುಕೊಂಡು ಕೆಲಸ ಮಾಡುವ ನನಗೆ ಆ ಅಟ್ಟವನ್ನು ನೋಡಬೇಕೆಂಬ ಆಸೆ ಬಹಳ ವರ್ಷಗಳಿಂದ ಇತ್ತು.

ಆದರೆ ನನ್ನನ್ನು ಮೊದಲು ತಡೆದು ನಿಲ್ಲಿಸಿದ್ದು ಮುಂಬಾಗಿಲು. ಅದರ ಒಳಮೈಗೆ ದಪ್ಪನೆಯ ಕಬ್ಬಿಣದ ಸರಪಳಿಯಿದೆ. ಅದನ್ನು ಸಿಕ್ಕಿಸುವ ಕೊಕ್ಕೆ ನೇರವಾಗಿರದೆ ಬಿರಡೆ ತೆಗೆಯುವ ತಿರುಪಿನಂತೆ ಸುರುಳಿಯಾಗಿದೆ. ಬಾಗಿಲ ಮೇಲಿನ ಗಾಜಿನ ಕಿಂಡಿಗೆ ಅಡ್ಡವಾಗಿ ಮುಳ್ಳುಗಳಿರುವ ಕಬ್ಬಿಣದ ಸರಳನ್ನು ಕೂರಿಸಿದ್ದಾರೆ. ಆ ಕಾಲದ ಕಳ್ಳರು ಗಾಜು ಒಡೆದು ಕೋಲು ಇಳಿಬಿಟ್ಟು ಸರಪಳಿಯನ್ನು ಎತ್ತಿಹಾಕುತ್ತಿದ್ದರು, ಇಲ್ಲವೇ ಸಣ್ಣ ಹುಡುಗನೊಬ್ಬನನ್ನು ಆ ಕಿಂಡಿಯಿಂದ ಒಳಕ್ಕೆ ತೂರಿಸಿ ಅವನ ಕೈಯಲ್ಲೇ ಬಾಗಿಲು ತೆಗೆಸುತ್ತಿದ್ದರು. ಸುರುಳಿಯಿಂದ ಸರಪಳಿ ಕಳಚಬೇಕಾದರೆ ಅದನ್ನು ಕೈಯಿಂದಲೇ ಸುತ್ತು ಬಿಡಿಸಬೇಕು, ಕೋಲಿಗೆ ಆ ಕೆಲಸ ಸಾಧ್ಯವಿಲ್ಲ. ನಮ್ಮ ಅಜ್ಜನ ಮನೆಯಲ್ಲಿ ರಾತ್ರಿ ಗೋಡೆಯ ತೂತಿನಿಂದ ಅಗಳಿ ಎಳೆದು ಬಾಗಿಲಿಗೆ ಅಡ್ಡ ಹಾಕುತ್ತಿದ್ದ ಸದ್ದು ನನಗೆ ಅಲ್ಲಿಯೇ ನೆನಪಾಯಿತು.

ಮರದ ಮೆಟ್ಟಿಲು ಹತ್ತಿ ಮೊದಲ ಮಹಡಿಗೆ ಬಂದರೆ ಇನ್ನೊಂದು ಜಾಣ್ಮೆ ಕಾಣುತ್ತದೆ. ಅಲ್ಲಿ ಕೋಣೆಗಳನ್ನು ಬೇರ್ಪಡಿಸುವ ಮರದ ಹಲಗೆಯ ಗೋಡೆಗಳಿಗೆ ಕೀಲುಗಳಿವೆ. ಅವುಗಳನ್ನು ಕದದಂತೆ ತಿರುಗಿಸಿದರೆ ಇಡೀ ಮಹಡಿಯೇ ಒಂದು ದೊಡ್ಡ ಹಜಾರವಾಗುತ್ತದೆ, ಮತ್ತೆ ಮುಚ್ಚಿದರೆ ಚಳಿಗಾಲದಲ್ಲಿ ಒಂದೇ ಒಲೆಯಿಂದ ಬೆಚ್ಚಗಾಗುವಷ್ಟು ಸಣ್ಣ ಕೋಣೆಗಳಾಗುತ್ತವೆ. ಹೆಚ್ಚು ಜಾಗವಿಲ್ಲದ ನಗರದ ಮನೆಗೆ ಇದಕ್ಕಿಂತ ಒಳ್ಳೆಯ ಉಪಾಯವನ್ನು ನಾನು ಎಲ್ಲಿಯೂ ಕಂಡಿಲ್ಲ.

ಅಟ್ಟ ಸರಳವಾಗಿದೆ. ಜಾನ್ಸನ್ನರ ಆರು ಮಂದಿ ನಕಲುಗಾರರು ಪದಗಳ ಉದಾಹರಣೆಗಳನ್ನು ಬರೆದುಕೊಳ್ಳುತ್ತಿದ್ದುದು ಇಲ್ಲಿ. ಕಿಟಕಿಗಳ ಲೆಕ್ಕದಲ್ಲಿ ಮನೆಗೆ ತೆರಿಗೆ ಬೀಳುತ್ತಿದ್ದ ಕಾಲದಲ್ಲೂ, ಅಂದರೆ 1696ರ ನಂತರವೂ, ಕಟ್ಟಿದವರು ಈ ಮನೆಗೆ ಬೆಳಕಿನ ಕೊರತೆ ಮಾಡಲಿಲ್ಲ. ಎರಡನೆಯ ಮಹಾಯುದ್ಧದ ಬಾಂಬ್ ದಾಳಿಯಲ್ಲಿ ಅಟ್ಟಕ್ಕೆ ಹಾನಿಯಾಗಿ ಆಮೇಲೆ ದುರಸ್ತಿಯಾಗಿದೆ. ನಾನು ಅಲ್ಲಿ ಬೆಳಕು ಪೂರ್ತಿ ಆರುವವರೆಗೂ ನಿಂತಿದ್ದೆ.

ಕೆಳಗಿಳಿದು ಹೊರಡುವಾಗ ಬಾಗಿಲ ಬಳಿ ಮತ್ತೊಮ್ಮೆ ನಿಂತೆ. ಹೊರಗಿನ ದೀಪದ ಬೆಳಕಿಗೆ ಗಾಜಿನಲ್ಲಿ ಮುಳ್ಳಿನ ಸಾಲು ಕಪ್ಪಗೆ ಕಾಣುತ್ತಿತ್ತು. ಸರಳಿನ ಮೇಲೆ ಉಳಿದ ಜಾಗವನ್ನು ಕಣ್ಣಳತೆಯಲ್ಲೇ ಅಳೆದೆ. ಒಂದು ಮಗುವಿನ ಭುಜವೂ ಅಲ್ಲಿ ತೂರುವಂತಿರಲಿಲ್ಲ.